ರೂಟಿಲ್ಲದ ಗಾಡಿ

ಹಿಂದೂಪುರದಲ್ಲಿ ಡ್ರೈವಿಂಗ್ ಸ್ಕೂಲು ನಡೆಸುವ ನನಗೆ ನಗುವಂಥ ಸಂಗತಿಗಳು ವಾರಕ್ಕೆ ಎರಡಾದರೂ ಒದಗುತ್ತವೆ. ಪಕ್ಕದ ಸೀಟಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟು ಕೂತವನಿಗೆ ಆ ಹೊತ್ತಿನಲ್ಲಿ ನಗು ಬರುವುದಿಲ್ಲ, ಅಷ್ಟೆ. ಇಲ್ಲಿ ಬರೆದಿರುವ ಮೂರೂ ಒಂದೇ ಆಟದ ಸಾಮಾನಿನಿಂದ ಆದವು.

೧. ಹಳೇ ಮಾಡಲ್ಲು

ಕಲಿಯಲು ಬಂದವರು ಗುದ್ದುವುದಿದ್ದರೆ ಮೊದಲು ಟಿ.ವಿ.ಯೊಳಗೆ ಗುದ್ದಲಿ ಎಂದು, ಸ್ಟಿಯರಿಂಗು, ಪೆಡಲು, ಗೇರು ಎಲ್ಲ ಇರುವ ಒಂದು ವಿಡಿಯೊ ಗೇಮನ್ನು ಸ್ಕೂಲಿಗೆ ತಂದಿಟ್ಟೆ. ಕಾಲೇಜಿನಲ್ಲಿ ಓದುವ ಮಗಳು ನೋಡಿ ಮುಖ ಸಿಂಡರಿಸಿದಳು. "ಇದು ಐದನೇ ಭಾಗ ಅಪ್ಪ. ನಾಲ್ಕನೇದೇ ಚೆನ್ನಾಗಿತ್ತು. ಇದ್ರಲ್ಲಿ ರಸ್ತೆ, ಬೆಟ್ಟ ಎಲ್ಲಾ ಚಂದ. ಕಾರಿಗೆ ಮಾತ್ರ ತೂಕಾನೇ ಇಲ್ಲ."

ಆ ಆಟದಲ್ಲಿ ಒಂದು ಅನುಕೂಲವಿದೆ. ಎಲ್ಲಿಗಾದರೂ ಗುದ್ದಿದರೆ ಒಂದು ಬಟನ್ ಒತ್ತಿದರಾಯಿತು. ಗುದ್ದುವ ಮುಂಚಿನ ಜಾಗಕ್ಕೆ ಕಾರು ವಾಪಸ್ ಹೋಗುತ್ತದೆ.

ಹುಣಸೆಹಣ್ಣಿನ ಮಂಡಿಯವರ ಸೊಸೆ ಮೂರು ದಿನ ಅದನ್ನು ಆಡಿ, ನಾಲ್ಕನೆಯ ದಿನ ನಿಜವಾದ ಕಾರು ಹತ್ತಿದರು. ಚಿಲಮತ್ತೂರಿನ ರಸ್ತೆಯಲ್ಲಿ ಒಂದು ಮೈಲಿಗಲ್ಲಿಗೆ ಕಾರನ್ನು ಮುಟ್ಟಿಸಿದರು. ನಾನು ಬ್ರೇಕು ಒತ್ತುವಷ್ಟರಲ್ಲಿ ದೀಪ ಒಡೆದಿತ್ತು. ಆಕೆ ಗಾಬರಿಯಾಗಲಿಲ್ಲ. ನಿಧಾನವಾಗಿ ಒಂದೊಂದೇ ಬಟನ್ ಒತ್ತಿ ನೋಡಿದರು. ವೈಪರು ಓಡಿತು. ಹಾರನ್ನು ಕೂಗಿತು.

"ಅಣ್ಣಾ, ಹಿಂದಕ್ಕೆ ಹೋಗೋ ಬಟನ್ ಯಾವ್ದು?"

"ಇದರಲ್ಲಿ ಇಲ್ಲಮ್ಮ."

"ಹಂಗಾದ್ರೆ ಇದು ಹಳೇ ಮಾಡಲ್ಲು," ಎಂದು ಬಾಗಿಲು ತೆಗೆದು ಇಳಿದರು.

೨. ಮೆಮೊ

ಮರುದಿನವೇ ಆ ಸಾಮಾನನ್ನು ಸ್ಕೂಲಿನಿಂದ ಎತ್ತಿ ಕಲ್ಯಾಣದುರ್ಗಕ್ಕೆ, ಅಕ್ಕನ ಮನೆಗೆ ಒಯ್ದೆ. ಬಾವ ರಿಟೈರಾಗುವವರೆಗೆ ಕಲ್ಯಾಣದುರ್ಗ–ಹಿಂದೂಪುರದ ಬಸ್ಸು ಓಡಿಸಿದವರು. ಆ ಬೇಸಿಗೆಯಲ್ಲಿ ಪಾರ್ಶ್ವವಾಯು ಬಡಿದು ಅವರ ಎಡಗೈ ಬಿದ್ದುಹೋಗಿತ್ತು. ಆಡಿಸುತ್ತಿದ್ದರೆ ಬರಬಹುದು, ಬಿಟ್ಟರೆ ಹಾಗೇ ಉಳಿಯಬಹುದು ಎಂದಿದ್ದರು ಡಾಕ್ಟರು. ಹಿಸುಕಲು ಕೊಟ್ಟಿದ್ದ ರಬ್ಬರ್ ಚೆಂಡನ್ನು ಬಾವ ಬಲಗೈಯಿಂದ ಕಿಟಕಿಯಾಚೆ ಎಸೆದಿದ್ದರು.

"ಏನ್ಲಾ, ಹುಷಾರಿಲ್ದ ಮನ್ಸಂಗೆ ಆಟದ ಸಾಮಾನು ತಂದ್ಬುಟ್ಟಿದ್ದೀಯ?" ಎಂದಳು ಅಕ್ಕ.

ಬಾವ ಮಾತ್ರ ಎದ್ದು ಬಂದು ಕುರ್ಚಿಯಲ್ಲಿ ಕೂತರು. "ಯಾವ ರೂಟು?" ಎಂದು ಕೇಳಿದರು.

"ರೂಟಿಲ್ಲ ಬಾವ. ಎಲ್ಲಿ ಬೇಕಾದ್ರೂ ಹೋಗ್ಬೋದು."

"ಎಲ್ಲಿ ಬೇಕಾದ್ರೂ ಹೋಯ್ತೀನಿ ಅಂದ್ರೆ ಡಿಪೋದಾಗೆ ಬುಡ್ತಾರೇನ್ಲಾ?"

ಸದ್ಯಕ್ಕೆ ಗೇರು ಬೇಡವೆಂದು, ಗೇರು ತಾನಾಗಿಯೇ ಬೀಳುವಂತೆ ಇಟ್ಟು ಒಂದು ರೇಸು ಹಚ್ಚಿಕೊಟ್ಟೆ. ಉಳಿದ ಕಾರುಗಳು ಬಾಣದಂತೆ ಹೋದವು. ಬಾವ ನಲವತ್ತರಲ್ಲಿ, ರಸ್ತೆಯ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಹಿಂದೆ ಯಾವುದೋ ಕಾರು ಬಂತು. ಬಾವ ಬಲಗೈಯನ್ನು ಸ್ಟಿಯರಿಂಗಿನಿಂದ ತೆಗೆದು ಹೊರಗೆ ಚಾಚಿ, ಮುಂದೆ ಹೋಗು ಎಂದು ಬೀಸಿದರು. ಕಾರು ಸೀದಾ ಹೊಲಕ್ಕೆ ಇಳಿಯಿತು.

"ಕೈ ಯಾಕೆ ಬಿಟ್ರಿ ಬಾವ?"

"ಸೈಡ್ ಕೊಡೋದು ಬ್ಯಾಡವೇನಪ್ಪ? ಅವನಿಗೇನೋ ಅರ್ಜೆಂಟು."

"ಆ ಹೊತ್ತಿಗೆ ಎಡಗೈಯಲ್ಲಿ ಹಿಡ್ಕೊಳ್ಳಿ."

ಅವರು ತೊಡೆಯ ಮೇಲೆ ಬಿದ್ದಿದ್ದ ಕೈಯನ್ನು ನೋಡಿದರು. ಇನ್ನೂ ನಾಲ್ಕು ಸಲ ಸೈಡು ಕೊಟ್ಟು, ನಾಲ್ಕು ಸಲವೂ ಹೊಲಕ್ಕಿಳಿದು, ಎಲ್ಲರಿಗಿಂತ ಕೊನೆಗೆ ತಲುಪಿದರು. ಪರದೆಯ ಮೇಲೆ ಗೆದ್ದವರ ಪಟ್ಟಿ ಬಂತು. ಬಾವ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಎಲ್ಲಾರೂ ಟೈಮಿಗೆ ಮುಂಚೆ ಬಂದವ್ರೆ. ಅಷ್ಟೂ ಜನಕ್ಕೆ ಮೆಮೊ ಕೊಡ್ಬೇಕು."

೩. ಎಲ್ಲಿಗಮ್ಮ?

ಮುಂದಿನ ತಿಂಗಳು ನಾನು ಹೋಗುವ ಹೊತ್ತಿಗೆ ಆ ಮನೆಯಲ್ಲಿ ಅಭಿಪ್ರಾಯಗಳು ಬೆಳೆದಿದ್ದವು. "ಬೆಟ್ಟಗುಡ್ಡ ಚೆನ್ನಾಗವೆ ಕಣಪ್ಪ, ಕುಡಿಯೋಕೆ ನೀರು ಕೇಳೋಣ ಅಂದ್ರೆ ಅಷ್ಟು ದೂರ ಒಂದು ಮನೆ ಇಲ್ಲ," ಎಂಬುದು ಅಕ್ಕನ ದೂರು. ಬಾವನದು ಬೇರೆ. "ಡ್ರೈವರನ್ನ ಎಡಗಡೆ, ಕ್ಲೀನರ್ ಕೂರೋ ಕಡೆ ಕೂರ್ಸವ್ರೆ. ಹೋಗ್ಲಿ ಅಂದ್ರೆ, ಗೇರಿಲ್ದೆ ಓಡ್ಸೋದೂ ಒಂದು ಡ್ರೈವಿಂಗಾ?"

ಅವರೇ ಕೇಳಿದರಲ್ಲ ಎಂದು, ಅವರ ಎಡಗಡೆ ಒಂದು ಸ್ಟೂಲಿಟ್ಟು ಗೇರನ್ನು ಅದಕ್ಕೆ ಬಿಗಿದೆ. ಕೈಯಿಂದ ಗೇರು ಹಾಕದೆ ಕಾರು ಮುಂದೆ ಹೋಗದಂತೆ ಮಾಡಿದೆ. ಬಾವ ಕೂತರು. ಗೇರನ್ನು ನೋಡಿದರು, ಕೈಯನ್ನು ನೋಡಿದರು. ಕೈ ತೊಡೆಯ ಮೇಲೆ, ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಪರದೆಯೊಳಗೆ ಇಂಜಿನ್ನು ಗುರುಗುಟ್ಟುತ್ತಿತ್ತು.

"ಆಫ್ ಮಾಡ್ಬುಡು," ಎಂದರು ಬಾವ. ಇದನ್ನು ಯಾಕಾದರೂ ತಂದೆನೋ ಎನಿಸಿತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ಅಂಚನ್ನು ಸುತ್ತುತ್ತಿದ್ದಳು.

ನಾನು ಆಫ್ ಮಾಡುವ ಮುಂಚೆ ಬಂದವನು ಬಾವನ ಬಸ್ಸಿನ ಹಳೆಯ ಕಂಡಕ್ಟರು. ಅವನ ಮನೆ ಪಕ್ಕದ ಬೀದಿಯಲ್ಲೇ. ಪಕ್ಕದ ಕುರ್ಚಿ ಖಾಲಿಯಿದ್ದರೂ ಅವನು ಅಲ್ಲಿ ಕೂರದೆ ಬಾವನ ಹಿಂದಿನ ಬೆಂಚಿಗೆ ಹೋಗಿ ಕೂತ.

"ಯಾಕೆ, ಗಾಡಿ ನಿಲ್ಸ್ಕಂಡವ್ನೆ?" ಎಂದು ನನ್ನನ್ನು ಕೇಳಿದ. ನಾನು ಬಾವನ ಎಡಗೈಯ ಕಡೆ ಕಣ್ಸನ್ನೆ ಮಾಡಿದೆ. ಅವನು ಪರದೆಯನ್ನು ನೋಡಿದ. ಹಿಂದಿನಿಂದ ಬಾವನ ತಲೆಯನ್ನು ನೋಡಿದ. ಬೆಂಚಿನ ಹಲಗೆಗೆ ಅಂಗೈಯಿಂದ ಎರಡು ಸಲ ಬಡಿದು, ಬೀದಿಗೆ ಕೇಳುವಂತೆ ಕೂಗಿದ.

"ರೈಟ್! ರೈಟ್!"

ಎಡಗೈ ತೊಡೆಯಿಂದ ಎದ್ದಿತು. ಬೆರಳಿನ ಗೆಣ್ಣಿನಷ್ಟು ಎತ್ತರದಲ್ಲಿ, ದಾರಿ ಗೊತ್ತಿರುವ ಎತ್ತಿನಂತೆ ಸ್ಟೂಲಿನ ಕಡೆಗೆ ಹೋಗಿ ಗೇರಿನ ಗುಂಡಿನ ಮೇಲೆ ಕೂತಿತು. ಗೇರು ಹಾಕುವಷ್ಟು ಬಲ ಅದಕ್ಕೆ ಬಂದಿರಲಿಲ್ಲ. ಬಲಗೈ ಬಂದು ಅದರ ಮೇಲಿಂದ ಒತ್ತಿತು. ಗೇರು ಬಿತ್ತು. ಕಾರು ಹೊರಟಿತು.

"ರೀ, ಕೈ! ಎಡಗೈ ನೋಡ್ರೀ!" ಅಕ್ಕ ಅಳುತ್ತ ಓಡಿಬಂದು ಕುರ್ಚಿಯ ಪಕ್ಕದಲ್ಲಿ ನಿಂತಳು.

ಬಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಗಾಡಿ ಓಡ್ತಿರುವಾಗ ಡ್ರೈವರ್ ಜೊತೆ ಮಾತಾಡ್ಬಾರ್ದು. ಹಿಂದಕ್ಕೋಗಿ ಕೂತ್ಕ."

ಅಕ್ಕ ಕಣ್ಣೊರೆಸಿಕೊಂಡು ಹೋಗಿ ಬೆಂಚಿನಲ್ಲಿ ಕೂತಳು. ಕಂಡಕ್ಟರು ಸರಿದು ಜಾಗ ಬಿಟ್ಟು, ಅವಳ ಕಡೆ ಬಾಗಿ ಕೇಳಿದ:

"ಎಲ್ಲಿಗಮ್ಮ?"