ನಮ್ಮ ಜಗಲಿಯಲ್ಲಿ ಬಿದ್ದವರು ಯಾರು?

"ಶೆಟ್ರ ಮೊಮ್ಮಗಳು ರಕ್ತ ನೋಡಿ ತಲೆ ತಿರುಗಿ ಬಿದ್ದಳಂತೆ. ಇವಳು ಇನ್ನು ಡಾಕ್ಟರಾಗುವುದು ಹೇಗೆ?" ನಮ್ಮೂರು ಮೀಂಜದ ಅಂಗಡಿಗಳಲ್ಲಿ ಈಗ ಚಲಾವಣೆಯಲ್ಲಿರುವ ವೃತ್ತಾಂತವಿದು. ನಾನು ಇದನ್ನು ಒಪ್ಪುವುದಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನಾದರೂ, ವಿಚಾರಿಸದೆ ಯಾವುದನ್ನೂ ನಂಬಿದವನಲ್ಲ. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ನೈವೇದ್ಯವನ್ನು ಮಾತ್ರ ತಿನ್ನುತ್ತದೆಂಬ ಮಾತನ್ನು ಪರೀಕ್ಷಿಸಲು ಒಮ್ಮೆ ಇಡೀ ಮಧ್ಯಾಹ್ನ ಅಲ್ಲಿ ಕಾದು ಕುಳಿತಿದ್ದೆ. ಮೊಸಳೆ ಮೇಲೆ ಬರಲಿಲ್ಲ. ನನಗೇ ಹಸಿವಾಗಿ ಎದ್ದು ಬಂದೆ. ಆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ನನ್ನ ಮೊಮ್ಮಗಳು ಶ್ವೇತಾ ವೈದ್ಯಕೀಯದ ಮೊದಲ ವರ್ಷದಲ್ಲಿದ್ದಾಳೆ. ಮಂಜೇಶ್ವರದಲ್ಲಿ ಬೆಳಗಿನ ರೈಲು ಹಿಡಿದು ಮಂಗಳೂರಿಗೆ ಹೋಗಿಬರುತ್ತಾಳೆ. ಆ ದಿನ ಬೆಳಿಗ್ಗೆ ಹೆಣದ ತೋಳನ್ನು ಬಿಡಿಸಿ, ನರಗಳನ್ನು ಗುರುತಿಸಿ, ಕೈ ತೊಳೆದು, ಬುತ್ತಿಯ ಅನ್ನ ಮೀನುಸಾರನ್ನು ಒಂದಗುಳೂ ಬಿಡದೆ ಮುಗಿಸಿದ್ದಳು. ತೊಂದರೆ ಬಂದದ್ದು ಊಟದ ಮೇಲೆ. ರಕ್ತಪರೀಕ್ಷೆಯ ತರಗತಿಯಲ್ಲಿ ಪ್ರತಿಯೊಬ್ಬರೂ ತಮ್ಮ ಬೆರಳಿಗೆ ತಾವೇ ಸೂಜಿ ಚುಚ್ಚಿಕೊಳ್ಳಬೇಕಂತೆ. ಹೆಣಕ್ಕೆ ಹೆದರದ ಕೈ ತನ್ನದೇ ಬೆರಳಿನ ಮುಂದೆ ಹಿಂಜರಿಯಿತು. "ನಾಳೆ ನಿನ್ನದೇ ಮೊದಲ ಸರದಿ" ಎಂದರಂತೆ ಮೇಡಂ.

ಸಂಜೆ ಅವಳು ಹೊಸ ಸೂಜಿಗಳ ಪೊಟ್ಟಣ ಹಿಡಿದು ಜಗಲಿಗೆ ಬಂದಳು. "ಅಜ್ಜ, ಒಮ್ಮೆ ನಿಮ್ಮ ಬೆರಳಿಗೆ ಚುಚ್ಚಲಾ? ಮತ್ತೆ ನನಗೆ ಧೈರ್ಯ ಬರ್ತದೆ."

"ಚುಚ್ಚು ಮಗಾ, ಅದರಲ್ಲಿ ಎಂತ ಉಂಟು?" ಎಂದು ಉಂಗುರದ ಬೆರಳನ್ನು ಚಾಚಿ, ರಕ್ತಪರಿಚಲನೆಯ ಕುರಿತು ಎರಡು ಮಾತು ಹೇಳತೊಡಗಿದೆ. ಎರಡನೆಯ ಮಾತು ಮುಗಿಯಲಿಲ್ಲ.

ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ಶ್ವೇತಾ ಮೊಣಕಾಲೂರಿ ನನ್ನ ಕಾಲುಗಳನ್ನು ಎತ್ತಿ ಹಿಡಿದಿದ್ದಳು. ನಾನು ಎದ್ದು ಕುಳಿತದ್ದೇ ತಡ, ಸೂಜಿ ತೆಗೆದು ತನ್ನ ಬೆರಳಿಗೆ ಚುಚ್ಚಿಕೊಂಡಳು. "ನಿಮ್ಮನ್ನು ನೋಡಿದ ಮೇಲೆ ನನ್ನ ಹೆದರಿಕೆ ಹೋಯ್ತು ಅಜ್ಜ" ಎಂದಳು.

ಅಷ್ಟರಲ್ಲಿ ಅಂಗಡಿಯ ಹಮೀದ್ ಗೇಟಿನಿಂದಲೇ ಹಿಂದಿರುಗಿ, ಊರಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು. ತಿದ್ದಲು ಹೋದರೆ, "ನಾನೇ ನೋಡಿದ್ದು ಶೆಟ್ರೇ! ಹುಡುಗಿ ಒಮ್ಮೆಲೇ ಕುಸಿದು ಜಗಲಿಯ ಅರೆಗೋಡೆಯ ಹಿಂದೆ ಹೋದಳು. ನೀವು ಎಲ್ಲಿದ್ರಿ ಮಾರಾಯ್ರೇ? ಕಾಣ್ಲೇ ಇಲ್ಲ!" ಎಂದ. ನಾನು ಎಲ್ಲಿದ್ದೆನೆಂದು ಹೇಳದೆ ವಾದ ಗೆಲ್ಲುವ ಉಪಾಯ ಹೊಳೆಯದೆ ಹಿಂದೆ ಬಂದೆ.

ಮರುದಿನ ಶ್ವೇತಾಳ ಸೋದರಮಾವನ, ಅಂದರೆ ನನ್ನ ಸೊಸೆಯ ಅಣ್ಣನ ಫೋನು. ನಮ್ಮಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು.

"ಮಾವ, ಹೆದರುವ ಹುಡುಗಿಗೆ ಈ ಓದು ಬೇಡ. ಆದಿತ್ಯವಾರ ಬರ್ತೇನೆ. ಬಿಡಿಸಿ ಬೇರೆ ಕೋರ್ಸಿಗೆ ಸೇರಿಸುವ."

"ಬಿದ್ದದ್ದು ಅವಳಲ್ಲ."

"ಮತ್ತೆ ಯಾರು?"

ಊರಿನಲ್ಲಿ ವಿಚಾರವಂತನೆಂದು ನಾನು ಗಳಿಸಿದ್ದ ಹೆಸರನ್ನೆಲ್ಲ ಒಂದು ಕ್ಷಣ ನೆನೆದುಕೊಂಡೆ. ರೈಲಿಗೆ ಓಡುವ ಹುಡುಗಿಯನ್ನೂ ನೆನೆದುಕೊಂಡೆ. "ನಾನು" ಎಂದೆ.

ಆತ ನಗು ನಿಲ್ಲಿಸಲು ಬಹಳ ಹೊತ್ತು ಹಿಡಿಯಿತು. "ಹಾಗಾದ್ರೆ ಅವಳು ಓದಲಿ ಮಾವ. ಮನೆಗೇ ಒಬ್ಬ ಡಾಕ್ಟರ್ ಬೇಕು."

ಇದು ನಡೆದ ಸಂಗತಿ. ಸಂದೇಹವಿದ್ದವರು ನನ್ನ ಹೆಂಡತಿ ಲೀಲಾವತಿಯನ್ನು ಕೇಳಬಹುದು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಕಂಡವಳು. ಆದರೆ ಸೂಜಿ ನನ್ನನ್ನು ಮುಟ್ಟುವ ಮೊದಲೇ ನಾನು ಬಿದ್ದೆನೆಂದು ಅವಳ ವಾದ. ವಿಚಾರಿಸದೆ ನಂಬುವವನಲ್ಲವಾದ್ದರಿಂದ, ಆ ಸಂಜೆಯೇ ಭೂತಗನ್ನಡಿ ಹಿಡಿದು ಉಂಗುರದ ಬೆರಳನ್ನು ಪರೀಕ್ಷಿಸಿದೆ.

ಚುಚ್ಚಿದ ಗುರುತು ಇರಲಿಲ್ಲ.