ಮಂಚದಡಿಯ ಚಾಂಪಿಯನ್

ಡೆಲ್ಮರ್ ಟಾಲಿವರ್ ಎಂಬ ಮಹಾ ಬಾಕ್ಸರನ ವಿಷಯದಲ್ಲಿ ಇಡೀ ಫಿಲಡೆಲ್ಫಿಯಾಕ್ಕೆ ನನ್ನದೇ ಕೊನೆಯ ಮಾತು. ಅವನು ಬೆಟ್ಟದ ಮೇಲೆ ಹೂಡಿದ್ದ ತಾಲೀಮು ಶಿಬಿರದ ಮೂಲ ನೆಗೆಟಿವುಗಳನ್ನು ಸಂಪಾದಿಸಿ, ಲೋಕ ಕಾಣದ ಒಂದು ಚಿತ್ರವನ್ನಾದರೂ ನನ್ನ ಗೋಡೆಗೇರಿಸದೆ ಸಾಯುವುದಿಲ್ಲವೆಂದು ಶಪಥ ಮಾಡಿದ್ದೆ.

"ಆ ಶಿಬಿರದಲ್ಲಿ ಅಡುಗೆ ಮಾಡಿದ್ದು ನಮ್ಮಮ್ಮ," ಎಂದಳು ಹೆಂಡತಿ ಅರ್ಲೀನ್. "ಒಂದಿನ ಟಾಲಿವರ್‌ನ ಕೂರಿಸ್ಕೊಂಡು ಬೈದಿದ್ಲಂತೆ. ತಲೆ ಎತ್ತಲಿಲ್ವಂತೆ ಅವನು."

"ಟಾಲಿವರ್ ಯಾರ ಮುಂದೂ ತಲೆ ತಗ್ಗಿಸಿದೋನಲ್ಲ. ನಿಮ್ಮಮ್ಮ ಆ ಬೆಟ್ಟಾನೇ ಹತ್ತಿರ್ಲಿಲ್ಲ ಬಿಡು."

"ಸತ್ತಮೇಲೂ ಅವಳನ್ನ ಸುಳ್ಳಿ ಅಂತೀಯಲ್ಲ, ಹೊರೇಸ್."

ಅವಳ ಕಣ್ಣು ತುಂಬಿತ್ತು. ಪಂಡಿತರಿಗೆ ಅಂಥವೆಲ್ಲ ಕಾಣುವುದಿಲ್ಲ.

ಕೊನೆಗೂ ಶಿಬಿರದ ಫೋಟೊಗ್ರಾಫರನ ವಿಧವೆಯಿಂದ ಒಂದು ಡಬ್ಬಿ ನೆಗೆಟಿವ್ ನನ್ನ ಕೈಸೇರಿತು. "ಇನ್ನೊಂದು ಹಳೇ ಸಾಮಾನು ತಂದ್ರೆ ನೀನೂ ಅದರ ಜೊತೆ ಹೊರಗೆ" ಎಂದು ಅರ್ಲೀನ್ ಮೊದಲೇ ಎಚ್ಚರಿಸಿದ್ದರಿಂದ, ಡಬ್ಬಿಯನ್ನು ಸದ್ದಿಲ್ಲದೆ ಮಂಚದಡಿ ತಳ್ಳಿದೆ.

ಕೆಲವೇ ದಿನಗಳಲ್ಲಿ ಮಲಗುವ ಕೋಣೆಯಲ್ಲಿ ವಿನೆಗರ್ ವಾಸನೆ. ಹಳೆಯ ಫಿಲ್ಮ್ ಕೊಳೆಯತೊಡಗಿದರೆ ಹಾಗೇ ನಾರುತ್ತದೆ. ಅರ್ಲೀನ್ ಬಾಗಿಲಲ್ಲೇ ನಿಂತುಬಿಟ್ಟಳು. ಊರೆಲ್ಲ ಮಿಸ್ ಯೂಲಾ ಎನ್ನುತ್ತಿದ್ದ ನಮ್ಮ ಅತ್ತೆ ಬದುಕಿದ್ದಾಗ ನೆಲ, ಕಿಟಕಿ, ಸೊಪ್ಪು, ಅಳಿಯನ ಕುರ್ಚಿ ಎಲ್ಲವನ್ನೂ ವಿನೆಗರಿನಲ್ಲೇ ತೊಳೆಯುತ್ತಿದ್ದವಳು.

"ಅಮ್ಮ ಬಂದಿದಾಳೆ," ಎಂದು ಅರ್ಲೀನ್ ಪಿಸುಗುಟ್ಟಿದಳು.

ನಿಜ ಹೇಳಿದರೆ ನಾನು ಬೀದಿಪಾಲು. "ಇರಬಹುದು," ಎಂದೆ.

ಅಷ್ಟೇ ಸಾಕಾಯಿತು. ಊಟದ ಮೇಜಿನಲ್ಲಿ ನನ್ನ ಕುರ್ಚಿ ಅತ್ತೆಯ ಪಾಲಾಯಿತು. ಅವಳ ತಟ್ಟೆಗೆ ಕೋಳಿಯ ತೊಡೆ, ನನ್ನ ತಟ್ಟೆಗೆ ಕತ್ತು. ಬಾಯಿ ತೆರೆದರೆ, "ಮೆಲ್ಲಗೆ, ಅಮ್ಮ ಕೇಳಿಸ್ಕೊಳ್ತಿದಾಳೆ." ವಾಸನೆ ದಿನೇ ದಿನೇ ಏರಿತು. ವಿಚಿತ್ರವೆಂದರೆ, ಡಬ್ಬಿ ಇದ್ದದ್ದು ಮಂಚದಡಿ, ವಾಸನೆ ಮೂಗಿಗೆ ಹೊಡೆಯುತ್ತಿದ್ದದ್ದು ಆ ಕುರ್ಚಿಯ ಕಡೆಯಿಂದ. ಕಾರಣ ಬಲ್ಲ ಪಂಡಿತನಾದರೂ ನಾನು ಅತ್ತ ಬೆನ್ನು ಹಾಕಿ ಕೂರುವುದನ್ನು ಬಿಟ್ಟೆ.

ಇನ್ನೂ ತಡಮಾಡಿದರೆ ಚಾಂಪಿಯನ್ ಪೂರಾ ಕೊಳೆತುಹೋಗುತ್ತಾನೆ. ಭಾನುವಾರ ಅರ್ಲೀನ್ ಚರ್ಚಿಗೆ ಹೊರಟೊಡನೆ, ಫೋಟೊ ತೊಳೆಯಲೆಂದು ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಕೆಂಪು ದೀಪ ಹಚ್ಚಿ ಬಾಗಿಲು ಹಾಕಿಕೊಂಡೆ. ನೆಗೆಟಿವುಗಳೆಲ್ಲ ಕರಿದ ಹಪ್ಪಳದಂತೆ ಸೊಟ್ಟಗಾಗಿದ್ದವು. ಒಂದೇ ಒಂದು ನೆಟ್ಟಗಿತ್ತು. ಬೆಳಕಿಗೆ ಹಿಡಿದರೆ, ನೆಗೆಟಿವಿನಲ್ಲಿ ಕಪ್ಪೆಲ್ಲ ಬಿಳಿಯಾಗುವುದರಿಂದ, ನಮ್ಮ ಕಪ್ಪು ಜನರೆಲ್ಲ ಬಿಳಿಚಿದ ದೆವ್ವಗಳು. ಯಾರು ಯಾರೆಂದೇ ತಿಳಿಯಲಿಲ್ಲ. ಹಿಗ್ಗಿಸುವ ಯಂತ್ರದ ದೀಪದಡಿ ಚಿತ್ರವನ್ನು ಕಾಗದಕ್ಕೆ ಇಳಿಸಿ ದ್ರಾವಣದಲ್ಲಿ ಅದ್ದಿದೆ. ಮೊದಲು ಒಂದು ಸೌಟು ಮೂಡಿತು. ಆಮೇಲೆ ಅದನ್ನೆತ್ತಿ ಹಿಡಿದ ಕೈ. ಆಮೇಲೆ, ನೀರಿನಡಿಯಿಂದ ನನ್ನನ್ನೇ ದಿಟ್ಟಿಸುತ್ತ, ಮಿಸ್ ಯೂಲಾ.

ಅವಳ ಮುಂದೆ ಮಹಾ ಬಾಕ್ಸರ್ ಟಾಲಿವರ್ ತಲೆ ತಗ್ಗಿಸಿ ಕುಳಿತಿದ್ದ.

ನಾನು ಕಿರುಚಿದ್ದು ಬೀದಿಗೆ ಕೇಳಿಸಿತಂತೆ. ಚರ್ಚಿನಿಂದ ಆಗತಾನೇ ಬಂದ ಅರ್ಲೀನ್ ಬಾಗಿಲು ತಳ್ಳಿಕೊಂಡು ಒಳನುಗ್ಗಿದಳು. ಬೆಳಕು ಬಿದ್ದು ಕಾಗದ ಕಪ್ಪಾಗತೊಡಗಿತು. ಚಾಂಪಿಯನ್ ಹೋದ, ಸೌಟು ಹೋಯಿತು. ಅತ್ತೆಯ ಕಣ್ಣುಗಳು ಮಾತ್ರ ಕೊನೆಯವರೆಗೂ ನನ್ನ ಮೇಲೇ ಇದ್ದವು.

"ಅಮ್ಮ," ಎಂದಳು ಅರ್ಲೀನ್.

ಎಲ್ಲ ಒಪ್ಪಿಕೊಂಡೆ: ಡಬ್ಬಿ, ಮಂಚ, ವಾಸನೆ. ಬೈಯಲಿಲ್ಲ ಅವಳು. ಸ್ನಾನದ ತೊಟ್ಟಿಯ ಅಂಚಿನಲ್ಲಿ ಕುಳಿತು, "ನಮ್ಮಮ್ಮ ಸುಳ್ಳು ಹೇಳಿರ್ಲಿಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ನಿಜವಾಗಿ ನಾಚಿಕೆಯಾಯಿತು.

"ಇನ್ನೊಂದು ತೆಗಿ," ಎಂದಳು ಕಣ್ಣೊರೆಸಿಕೊಂಡು. "ದೊಡ್ಡದಾಗಿ. ಅಮ್ಮ ಕಾಗದದ ತುಂಬ ಬರ್ಬೇಕು."

"ಹಾಗ್ಮಾಡಿದ್ರೆ ಟಾಲಿವರ್ ಹೊರಗೆ ಹೋಗ್ತಾನೆ ಕಣೇ."

"ಹೋಗ್ಲಿ. ಅವನ ಫೋಟೊ ಕ್ಷೌರದಂಗಡೀಲೂ ಇದೆ."

ಆ ಪ್ರತಿ ಮುಗಿಯುವಷ್ಟರಲ್ಲಿ ಯಂತ್ರದ ದೀಪದ ಕಾವಿಗೆ ನೆಗೆಟಿವಿನ ಪದರ ಸುಲಿದುಹೋಯಿತು. ಇನ್ನೊಂದು ತೆಗೆಯುವ ಮಾತೇ ಇಲ್ಲ.

ಈಗ ನಮ್ಮ ನಡುಮನೆಯ ಗೋಡೆಯ ತುಂಬ ಸೌಟೆತ್ತಿದ ಅತ್ತೆ. ಲೋಕ ಕಾಣದ ಟಾಲಿವರನ ಚಿತ್ರ ನೋಡಲು ನನ್ನಂಥ ಪಂಡಿತರು ದೂರದೂರದಿಂದ ಬರುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು, ಚೌಕಟ್ಟಿನ ಮೂಲೆಗೆ ಬೆರಳಿಟ್ಟು, ಚಾಂಪಿಯನ್ನನ ಮೊಣಕೈ ತೋರಿಸುತ್ತೇನೆ.