ಗಟ್ಟಿಮೇಳ ತಗ್ಗಿದ ಗಳಿಗೆ

ದೊಡ್ಡವರು ಬಾಯಿ ತೆರೆದರೆ ನನ್ನ ದನಿ ತಾನಾಗಿ ಇಳಿದುಹೋಗುತ್ತದೆ. ಐವತ್ತೆರಡು ವರ್ಷದಿಂದ ಹೀಗೇ. ಈ ರೋಗವನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಚಿಂತೆಯಿರಲಿಲ್ಲ, ಯಂತ್ರಕ್ಕೂ ಹತ್ತಿಸಿದೆ ನೋಡಿ, ಅಲ್ಲಿ ಕೆಟ್ಟಿತು.

ಲಷ್ಕರ್ ಮೊಹಲ್ಲಾದಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಅಲ್ಲಿ ಕಂಪ್ರೆಸರ್ ಎಂಬ ಪೆಟ್ಟಿಗೆಯಿದೆ, ಫ್ರಿಜ್ಜಿನದಲ್ಲ, ಸದ್ದಿನದು. ಸದ್ದು ಮಿತಿ ಮೀರಿದರೆ ತಗ್ಗಿಸುವುದು ಅದರ ಕೆಲಸ. ಸಾಮಾನ್ಯವಾಗಿ ಅದು ತಗ್ಗಿಸಬೇಕಾದ ಸದ್ದನ್ನೇ ಆಲಿಸುತ್ತದೆ. ಸೈಡ್‌ಚೈನ್ ಎಂಬ ಕಿಂಡಿಗೆ ಬೇರೆಯವರ ಮೈಕಿನ ವೈರು ಸಿಕ್ಕಿಸಿದಿರೋ, ಆಲಿಸುವುದು ಅವರ ದನಿ, ಅದುಮುವುದು ಇನ್ಯಾರದೋ ಕತ್ತು. ಅವರು ಸುಮ್ಮನಾದ ಮೇಲೆ ಎಷ್ಟು ಹೊತ್ತಿಗೆ ಕೈ ಸಡಿಲಿಸಬೇಕು ಅನ್ನುವುದಕ್ಕೂ ಒಂದು ನಾಬ್ ಇದೆ. ನಮ್ಮಣ್ಣ ಕೆಮ್ಮಿದರೆ ನಾನು ಸುಮ್ಮನಾಗುವುದೂ ಇದೇ ತಂತ್ರ. ವೈರು ಮಾತ್ರ ಕಾಣುವುದಿಲ್ಲ.

ಅಣ್ಣನ ಮಗಳು ಚೈತ್ರಾಳ ಮದುವೆ ಬನ್ನಿಮಂಟಪದ ಛತ್ರದಲ್ಲಿ ಗೊತ್ತಾಯಿತು. "ಮೈಕ್ ನೀನೇ ನೋಡ್ಕೊಂಡ್ಬುಡು ಕಣೋ. ಓಲಗದವ್ರೂ ಬೇಡ, ಪೆನ್‌ಡ್ರೈವಲ್ಲೇ ಹಾಕ್ಬುಡು" ಅಂದ ಅಣ್ಣ. ಎತ್ತಿ ಆಡಿಸಿದ ಮಗುವಿನ ಮದುವೆಗೆ ನನಗೆ ಸಿಕ್ಕ ಕರೆ ಅಷ್ಟೇ. "ಆಗ್ಲಿ ಅಣ್ಣ" ಅಂದೆ.

ಮಂತ್ರ ಸ್ಪಷ್ಟವಾಗಿ ಕೇಳಲಿ ಎಂದು ಪುರೋಹಿತರ ಮೈಕನ್ನು ಸೈಡ್‌ಚೈನಿಗೆ ಕೊಟ್ಟೆ. ಅವರು ಬಾಯಿ ಬಿಟ್ಟರೆ ನಾದಸ್ವರ ತಗ್ಗುತ್ತದೆ, ಮುಗಿಸಿದ ಮೇಲೆ ನಿಧಾನವಾಗಿ ಏರುತ್ತದೆ. ಎಲ್ಲ ಸೊಗಸಾಗಿತ್ತು. ಮಾಂಗಲ್ಯದ ಹೊತ್ತಿಗೆ ನನ್ನ ಹೆಂಡತಿ ಸಾವಿತ್ರಿ ಬಂದು, "ಏಳ್ರೀ, ಅಕ್ಷತೆ ಹಾಕೋಣ" ಅಂದಳು. ಓಲಗದ ಅಬ್ಬರದಲ್ಲಿ ಅವಳಿಗೆ ಕೇಳಲೆಂದು ನಾನು ಗಂಟಲು ಏರಿಸಿದೆ. ಅಷ್ಟರಲ್ಲಿ ಪುರೋಹಿತರು ಮೈಕಿನಲ್ಲಿ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ಪೆಟ್ಟಿಗೆಗೆ ಕನ್ನಡ ಬರುವುದಿಲ್ಲ. ಜೋರು ಮಾಡಿ ಅಂದದ್ದಕ್ಕೇ ಅದು ಮೇಳವನ್ನು ನೆಲಕ್ಕೆ ಅದುಮಿತು. ಪುರೋಹಿತರು ಉಸಿರು ತೆಗೆದುಕೊಂಡರು, ಮೇಳ ಇನ್ನೂ ಏರಿರಲಿಲ್ಲ. ಅಪಶಕುನದ ಮಾತು ಯಾರ ಕಿವಿಗೂ ಬೀಳಬಾರದೆಂದೇ ಇರುವ ಗಟ್ಟಿಮೇಳ ಅಡಗಿದ ಆ ಗಳಿಗೆಯಲ್ಲಿ ಇಡೀ ಛತ್ರಕ್ಕೆ ಕೇಳಿಸಿದ್ದು ನನ್ನ ದನಿ: "ನನ್ನನ್ನ ಚಿಕ್ಕಪ್ಪ ಅಂತ ಕರೆದಿಲ್ಲ ಕಣೇ, ಮೈಕ್‌ಸೆಟ್ ಅಂತ ಕರೆದಿರೋದು! ಈ ಮದುವೆ ಹಾಳಾಗೋಗ್ಲಿ!"

ತಾಳಿಗೆಂದು ತಗ್ಗಿಸಿದ್ದ ತಲೆಯನ್ನು ಎತ್ತಿ ಚೈತ್ರಾ ನನ್ನ ಕಡೆ ನೋಡಿದಳು.

ಊಟವಾದ ಮೇಲೆ ಅವಳೇ ನನ್ನ ಮೈಕ್‌ಸೆಟ್ಟಿನ ಟೇಬಲ್ಲಿನ ಹತ್ತಿರ ಬಂದಳು. "ಮುಂದಿನ ಸಾಲಲ್ಲಿ ನಿಮ್ಗೂ ಚಿಕ್ಕಮ್ಮಂಗೂ ಕುರ್ಚಿ ಹಿಡಿಸಿದ್ದೆ ಚಿಕ್ಕಪ್ಪ. ಬೆಳಗ್ಗೆಯಿಂದ ಮೂರು ಸಲ ಕರೆದೆ. ನೀವು ಕೇಳಿಸ್ಕೊಳ್ಳಲೇ ಇಲ್ಲ." ಕೇಳಿಸುವುದು ಹೇಗೆ? ಅಣ್ಣ ಕರೆಯಲಿ ಎಂದು ನನ್ನ ಕಿವಿಯ ವೈರನ್ನು ಅವನ ಬಾಯಿಗೆ ಸಿಕ್ಕಿಸಿಕೊಂಡು ಕೂತಿದ್ದೆ.

ಆಮೇಲೆ ಚೈತ್ರಾ ಫೋನ್ ಮಾಡಿಲ್ಲ. ಜಯಲಕ್ಷ್ಮಿಪುರಂನಲ್ಲೇ ಇದ್ದಾಳೆ, ಸ್ಕೂಟರಿನಲ್ಲಿ ಕಾಲು ಗಂಟೆ. "ಹೋಗಿ ತಪ್ಪಾಯ್ತು ಅನ್ರೀ" ಎಂದು ಸಾವಿತ್ರಿ ದಿನಾ ಹೇಳುತ್ತಾಳೆ. ಹೋಗಬೇಕು. ಅಣ್ಣ ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದೇನೆ.